ಕೂಡಿ ಬಾರದ ಎರಡು

ಹಿಂದಿನ ಸೀಟಿನಡಿ ಸಿಕ್ಕಿತು, ಹನ್ನೊಂದನೇ ಕ್ಲಾಸಿನ ಗಣಿತ.
ಮೊದಲ ಪುಟದಲ್ಲಿ ಹೆಸರು: ನಿವೇದ್ಯಾ ಕೆ., ಬಸ್ ನಂಬರ್ ಹದಿನಾಲ್ಕು.
ನನ್ನದೇ ಬಸ್ಸು.

ಮಕ್ಕಳನ್ನಿಳಿಸಿ ಸಲ್ಮಾಬಾದಿನ ಮೇಲ್ಸೇತುವೆಯ ನೆರಳಿಗೆ ತಂದು ನಿಲ್ಲಿಸಿದರೆ
ಮಧ್ಯಾಹ್ನ ಒಂದರ ತನಕ ನನಗೆ ಹೋಗಲು ಜಾಗವಿಲ್ಲ.
ಗುದೈಬಿಯಾದ ರೂಮಿನಲ್ಲಿ, ನನ್ನ ಮಂಚದ ಮೇಲೆ, ಆ ಹೊತ್ತಿಗೆ
ವಿಟ್ಲದ ಉಮ್ಮರಬ್ಬ ಮಲಗಿರುತ್ತಾನೆ.

ನನ್ನ ಮಂಚ ಅಂದೆ, ತಪ್ಪು.
ಬಾಡಿಗೆ ಇಬ್ಬರದು, ಮಂಚ ಒಂದು.
ಅವನು ಮುಹರಕ್ಕಿನ ಬೇಕರಿಯಲ್ಲಿ ರಾತ್ರಿಯಿಡೀ ಖುಬ್ಬೂಸ್ ಸುಡುವವನು,
ಎದ್ದ ಮೇಲೆ ಕಾರು ತೊಳೆಯಲು ಹೋಗುವವನು.
ಎರಡು ವರ್ಷವಾಯಿತು, ಮುಖ ಕಂಡದ್ದು ಬೆರಳೆಣಿಕೆ.

ಎಸೆಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತೈದು ನನಗೆ, ಅದೂ ಎರಡನೇ ಸಲಕ್ಕೆ.
ಆದರೂ ಓದಿದೆ, ಸೆಕೆಗೆ ಅಂಗಿ ಬಿಚ್ಚಿ,
ಇಂಗ್ಲಿಷಿನ ಒಂದೊಂದು ಪದದಡಿಗೂ ಬೆರಳಿಟ್ಟು.
ಐವತ್ತು ಫಿಲ್ಸಿನ ಕಾಸು ಚಿಮ್ಮಿ ನೋಡಿದೆ.
ದೋಣಿ ಬಿದ್ದರೆ ಅಂಕಿ ಬೀಳುವುದಿಲ್ಲ, ಅಷ್ಟೆ.
ಮ್ಯೂಚುವಲೀ ಎಕ್ಸ್‌ಕ್ಲೂಸಿವ್ ಅನ್ನುತ್ತದೆ ಪುಸ್ತಕ.
ನಾನು 'ಕೂಡಿ ಬಾರದವು' ಅಂದುಕೊಂಡೆ,
ಅಕ್ಕನ ಮದುವೆಗೆ ಕಾಲ ಕೂಡಿ ಬರಲಿಲ್ಲ ಅನ್ನುತ್ತಿದ್ದರಲ್ಲ, ಹಾಗೆ.

ಎರಡು ವೃತ್ತ, ನಡುವೆ ಖಾಲಿ.
ಪೆನ್ಸಿಲಿನಲ್ಲಿ ಒಂದರೊಳಗೆ 'ಉ' ಬರೆದೆ. ಇನ್ನೊಂದರೊಳಗೆ 'ನಾ'.

ಒಂಬತ್ತೂವರೆಗೆ ಮಲಗಿ ನಾಲ್ಕೂವರೆಗೆ ಏಳುತ್ತೇನೆ: ಏಳು ಗಂಟೆ.
ಐದೂಕಾಲಿಗೆ ಬರುತ್ತಾನೆ, ಒಂದೂಕಾಲರ ತನಕ: ಎಂಟು.
ಯಾವುದೋ ಒಂದು ಗಳಿಗೆಯಲ್ಲಿ ನೀವು ಬಾಗಿಲು ತೆರೆದರೆ
ಮಂಚದ ಮೇಲೆ ಯಾರಾದರೂ ಇರುವ ಸಂಭವ, ಇಪ್ಪತ್ತನಾಲ್ಕಕ್ಕೆ ಹದಿನೈದು.
ಸುಮ್ಮನೆ ಕೂಡಿದರಾಯಿತು, ಕಳೆಯುವ ಗೊಡವೆಯಿಲ್ಲ.
ಇಸ್ಪೀಟಿನಲ್ಲಿ ಹಾಗಲ್ಲ:
ರಾಜರು ನಾಲ್ಕು, ಆಟಿನ್ ಹದಿಮೂರು, ಒಟ್ಟು ಹದಿನೇಳು ಅನ್ನುವಂತಿಲ್ಲ.
ಆಟಿನ್ ರಾಜ ಎರಡು ಸಾಲಲ್ಲೂ ನಿಂತು ಎರಡು ಸಲ ಲೆಕ್ಕ ಕೊಟ್ಟಿರುತ್ತಾನೆ.
ನಮ್ಮ ಮಂಚದಲ್ಲಿ ಅಂಥ ರಾಜನಿಲ್ಲ.

ಉಳಿದ ಒಂಬತ್ತು ಗಂಟೆ ವೃತ್ತಗಳ ಹೊರಗಿನದು.
ಅದರಲ್ಲಿ ಮುಕ್ಕಾಲು ಗಂಟೆ, ನಸುಕಿನದು,
ನಾನು ಹೋಗಿ ಅವನು ಬಾರದೆ
ಫ್ಯಾನು ಯಾರಿಗೂ ಅಲ್ಲದೆ ತಿರುಗುತ್ತಿರುತ್ತದೆ.

ಒಮ್ಮೆ ಅವನಿಗೆ ಜ್ವರ ಬಂತು, ಕೆಲಸಕ್ಕೆ ಹೋಗಲಿಲ್ಲ.
ನಾನು ನೆಲಕ್ಕೆ ಚಾಪೆ ಹಾಸಿದೆ.
'ನೀನು ಮೇಲೆ ಮಲಗು, ಇದು ನಿನ್ನ ಹೊತ್ತು' ಅಂದ, ಹಲ್ಲು ಕಟಕಟಿಸುತ್ತಾ.
ಮಂಚ ಆ ರಾತ್ರಿಯೂ ವ್ಯಾಖ್ಯೆ ಮೀರಲಿಲ್ಲ.
ಆದರೆ ನಿದ್ದೆಯಲ್ಲಿ ಅವನ ಮುಖ ಮೊದಲ ಸಲ ನೋಡಿದೆ.
ದಿಂಬಿನ ತಗ್ಗು ಗೊತ್ತಿತ್ತು, ಸುಟ್ಟ ಹಿಟ್ಟಿನ ವಾಸನೆ ಗೊತ್ತಿತ್ತು,
ಹುಬ್ಬಿನ ಮೇಲಿನ ಗಾಯದ ಗೆರೆ ಗೊತ್ತಿರಲಿಲ್ಲ.

ಪುಸ್ತಕ ವಾಪಸು ಕೊಟ್ಟೆ. ಮರುದಿನ ಮುಂದಿನ ಸೀಟಿಗೆ ಬಂದು ಕೂತಳು.
'ಅಂಕಲ್, ಈ ಎರಡು ವೃತ್ತ ಸ್ವತಂತ್ರವಾ ಅಂತ ಮಿಸ್ ಕೇಳಿದರು.
ಕ್ಲಾಸಿಗೆ ಕ್ಲಾಸೇ ಹೌದು ಅಂತು.
ಒಂದಕ್ಕೊಂದು ತಾಗುವುದೇ ಇಲ್ಲ, ಸಂಬಂಧ ಎಲ್ಲಿಂದ ಬಂತು?'

ಸಿಗ್ನಲ್ಲು ಕೆಂಪಾಗಿತ್ತು.
ಹೇಳಿದೆ: ಅವನಿದ್ದಾನೆ ಅಂತ ಗೊತ್ತಾದರೆ ನಾನಿರುವ ಸಂಭವ ಸೊನ್ನೆ.
ಇಲ್ಲ ಅಂತ ಗೊತ್ತಾದರೆ
ಇಪ್ಪತ್ತನಾಲ್ಕಕ್ಕೆ ಏಳಿದ್ದದ್ದು ಹದಿನಾರಕ್ಕೆ ಏಳಾಗುತ್ತದೆ.
ಅವನ ಸುದ್ದಿಯಿಂದ ನನ್ನ ಲೆಕ್ಕ ಬದಲಾಗುವುದಾದರೆ
ನಾವು ಸ್ವತಂತ್ರರು ಹೇಗಾದೇವು?

ಹೇಳದೆ ಉಳಿದದ್ದು:
ಏಳುವಾಗ ದಿಂಬು ಮಗುಚಿಡುತ್ತೇನೆ, ತಣ್ಣಗಿನ ಮಗ್ಗುಲು ಮೇಲಾಗಿ.
ರಾತ್ರಿ ಬಂದು ನೋಡಿದರೆ ಅದೂ ಮಗುಚಿರುತ್ತದೆ.
ಈ ಬಗ್ಗೆ ಇಬ್ಬರೂ ಮಾತಾಡಿಲ್ಲ.

ಹಸಿರು ಬಿತ್ತು. ಹಿಂದಿನವನು ಹಾರ್ನ್ ಹೊಡೆದ.
'ಇದು ಯಾವ ಅಕ್ಷರ ಅಂಕಲ್, ಒಳಗೆ?'
ಅಯ್ಯೋ, ಅಳಿಸುವುದು ಮರೆತೆ, ರಬ್ಬರಿದೆಯಾ ಅಂದೆ.
ಇತ್ತು, ಅವಳ ಪೆಟ್ಟಿಗೆಯಲ್ಲಿ.
ತೆಗೆಯಲಿಲ್ಲ.