ಹದಿಮೂರು ಮುಚ್ಚಳ

ಆಂತ್ಸಿರಾಬೆಯ ಜುಲೈ. ಬೆಳಗ್ಗೆ ಮಾತಾಡಿದರೆ
ಬಾಯಿಂದ ಹೊಗೆ. ಅಪ್ಪಂದಿರು ಮಕ್ಕಳನ್ನು ಇಳಿಸಿ
ರಿಕ್ಷಾ ಎಳೆಯುತ್ತ ಇಟ್ಟಿಗೆ ಗೂಡಿನತ್ತ ಹೋಗುತ್ತಾರೆ,
ಗಾಲಿಯ ಸದ್ದು ಸಣ್ಣದಾಗುತ್ತದೆ.
ಪುಸ್ತಕ ಬರುತ್ತವೆ ಅಂದಿದ್ದರು. ಬಂದಿಲ್ಲ.
ನನ್ನ ಬಳಿ ಇರುವುದು ಡಬ್ಬಿ ತುಂಬ
ಲಿಂಬೆ ಸೋಡಾ ಬಾಟಲಿಯ ಮುಚ್ಚಳ,
ಒಂದೊಂದರ ಬೆನ್ನಿಗೂ ಟಾರಿನಲ್ಲಿ ಬರೆದ ಒಂದಕ್ಷರ.
ಮತ್ತೆ ಹದಿನೇಳು ಹೆಸರು.

ಹೆಸರನ್ನು ಸರ್ಕಾರ ಕಳಿಸಬೇಕಿಲ್ಲ,
ಮನೆಯಿಂದಲೇ ತರುತ್ತಾರೆ, ಸಿಂಬಳದ ಹಾಗೆ.

ಜೋಡಿಸಿ, ಅನ್ನುತ್ತೇನೆ. ನೆಲದ ಮೇಲೆ ಟಕ ಟಕ.
ಫಿಗೆ ಎರಡೇ. ಕೂತಷ್ಟೇ ಬೇಗ ಎದ್ದ,
ಸೀದ ಅನ್ನದ ಬಿಸಿನೀರಿನ ಪಾತ್ರೆಯ ಹತ್ತಿರ.
ತ್ಸಿಕಿಗೆ ಐದು.
ಹಾಯಿಂಗುಗೆ ಆರು, ಅದರಲ್ಲೊಂದು ತಲೆಕೆಳಗು.
ನುಮೆನ್‌ಜನಹಾರಿಯದು ಮಾತ್ರ ಹೊರಟಿತು ನೋಡಿ,
ಚಾಪೆ ದಾಟಿ, ಫಿಯ ಚಪ್ಪಲಿ ಬಳಸಿ, ಹೊಸ್ತಿಲವರೆಗೆ.
ದೇವರು ಕೊಟ್ಟದ್ದು ಅಂತ ಅರ್ಥ;
ಕೊಡುವಾಗ ಕೈ ಬಿಗಿ ಹಿಡಿಯಲಿಲ್ಲ.
ಎಣಿಸುತ್ತಾನೆ: ಒಂಬತ್ತು, ಹತ್ತು, ಹನ್ನೆರಡು...
ಹನ್ನೊಂದು ಅವನ ಕೈಗೆ ಯಾವತ್ತೂ ಸಿಗುವುದಿಲ್ಲ.
ಹದಿನಾಲ್ಕು! ಅಂದ.
ಹದಿಮೂರು ಮಗಾ, ಅಂದೆ.
ಹದಿಮೂರು, ಅಂತ ಬಾಯಿಪಾಠ ಮಾಡಿದ.

ಸುವಾ ಅಳುತ್ತಿದ್ದಳು. ಮೂರೇ ಅಕ್ಷರ.
ನಂದು ಮಾತ್ರ ಯಾಕೆ ಗಿಡ್ಡ?
ಹಲಗೆಯ ಮೇಲೆ ನನ್ನ ಹೆಸರು ಬರೆದೆ:
ರಸುವಾನಾಯ್ವು.
ಹುಡುಕು, ಇದರಲ್ಲಿ ನೀನೆಲ್ಲಿ?
ಮೂಗು ಒರೆಸಿಕೊಂಡಳು. ತುದಿಗಾಲಲ್ಲಿ ನಿಂತಳು.
ಆಚೆಗೊಂದು ಅಂಗೈ, ಈಚೆಗೊಂದು ಅಂಗೈ ಒತ್ತಿ
ನನ್ನ ಹತ್ತರಲ್ಲಿ ಏಳನ್ನು ಮುಚ್ಚಿದಳು.
ನಡುವೆ ಉಳಿದದ್ದನ್ನು ಓದಿದಳು.
ಆಮೇಲೆ ತಿರುಗಿ ನನ್ನ ಹೊಟ್ಟೆ ನೋಡಿದಳು,
ಅಲ್ಲೇ ಇದ್ದು ಬಂದವಳ ಹಾಗೆ.

ಅಷ್ಟರಲ್ಲಿ ಅವಳ ಕೊನೆಯ ಮುಚ್ಚಳ ಇರಲಿಲ್ಲ.
ಕೋಳಿಯೋ, ಫಿಯ ಕಾಲೋ.
ಮತ್ತೆ ತುಟಿ ನಡುಗಿತು.

ನುಮೆನ್‌ಜನಹಾರಿ ತನ್ನ ಸಾಲನ್ನು
ಗದ್ದೆ ನೋಡುವ ಮುದುಕನಂತೆ ನೋಡಿದ.
ಅದರಲ್ಲಿ 'ಅ' ಮೂರಿದ್ದವು.
ನಡುವಿನದನ್ನು ಎತ್ತಿ ತಂದು ಅವಳ ತುದಿಗಿಟ್ಟ.
ಅವನ ಹೆಸರಲ್ಲೀಗ ಹಾಲುಹಲ್ಲು ಬಿದ್ದ ಜಾಗ.

ಎಷ್ಟು ಉಳಿಯಿತು? ಕೇಳಿದೆ,
ಮೇಡಂ ತಾನೆ, ಕೇಳದೆ ಇರಲಾಗುತ್ತದೆಯೇ.
ಬೆರಳಿಟ್ಟು ಬಂದ, ಚಾಪೆಯಿಂದ ಹೊಸ್ತಿಲಿಗೆ:
ಒಂಬತ್ತು, ಹತ್ತು, ಹನ್ನೆರಡು, ಹದಿಮೂರು.
ನೋಡಿ ಮೇಡಂ, ಅಷ್ಟೇ ಇದೆ.

ಹನ್ನೊಂದನ್ನು ನಾಳೆ ಕಲಿಸುತ್ತೇನೆ.