ನೀರು ಬಿಡುವ ಮೊದಲು

ಮೀನಿಲ್ಲ. ನೀರೂ ಇಲ್ಲ.
ಬೀದಿಗೆ ಮುಖ ಮಾಡಿದ ಬಡಗಣ ಕಿಟಕಿಯಲ್ಲಿ
ಎರಡಡಿ ಗಾಜಿನ ತೊಟ್ಟಿ,
ಒಳಗೆ ಗುಳಿಗೆ ಗುಳಿಗೆ ಕಪ್ಪು ಮಣ್ಣು,
ಬಾಯಿಗೆ ಬಿಗಿದ ತೆಳು ಪ್ಲಾಸ್ಟಿಕ್ಕು,
ಮಿಕ್ಕ ಅನ್ನಕ್ಕೆ ಮುಚ್ಚುತ್ತೇನಲ್ಲ, ಅದೇ.

ಪಾರ್ಸೆಲ್ ತಂದ ಹುಡುಗ ಇಣುಕಿ ಕೇಳಿದ:
ಹಾವು ಸಾಕಿದೀರಾ?
ಹೂಂ ಅಂದುಬಿಟ್ಟೆ.
ಸಹಿ ಕೇಳುವುದನ್ನೂ ಮರೆತು ಹೋದ.

ಭಾನುವಾರ ಇಡೀ ನಾಟಿ,
ಹುಬ್ಬು ಕೀಳುವ ಚಿಮಟದಲ್ಲಿ.
ಸಾಸಿವೆಯಷ್ಟು ಎಲೆ, ಕೂದಲೆಳೆಯ ಬೇರು,
ಬೆರಳಗಲಕ್ಕೊಂದು.
ಒತ್ತಿದರೆ ಹೂತೇ ಹೋಗುತ್ತದೆ,
ಬಿಟ್ಟರೆ ಚಿಮಟಕ್ಕೇ ಅಂಟಿ ಎದ್ದು ಬರುತ್ತದೆ.
ಸಂಜೆಗೆ ನಡು ಹಿಡಿಯಿತು.
ಎಕರೆಗಟ್ಟಲೆ ನೆಟ್ಟವರು
ಹೇಗೆ ನೆಟ್ಟಗಾದರೋ.

ಪಕ್ಕದ ಮನೆಯ ಗ್ವೆನಿತ್ ಪ್ರಿಚರ್ಡ್
ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ:
ನೀರೇಕೆ ಹಾಕಿಲ್ಲ?
ಬೇರು ಹಿಡಿಯುವ ಮುನ್ನ ಹಾಕಿದರೆ
ಎಲ್ಲಾ ತೇಲುತ್ತೆ ಅಂದೆ.
ಗೊತ್ತು, ಅಂದಳು. ನನ್ನ ಸೋಫಾ ತೇಲಿತ್ತು.

ಶ್ರೂಸ್‌ಬರಿಯ ಈ ತಗ್ಗಿನ ಬೀದಿಯಲ್ಲಿ
ಅವಳ ಗೋಡೆಗೊಂದು ಪೆನ್ಸಿಲ್ ಗೆರೆ,
ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ.
ಸೆವರ್ನ್ ಅಷ್ಟು ಬಂದಿತ್ತಂತೆ, ನಾನು ಬರುವ ಮೊದಲು.
ಮೂರು ಸಲ ಬಣ್ಣ ಬಳಿಸಿದ್ದಾಳೆ.
ಗೆರೆ ಸುತ್ತ ಮಾತ್ರ ಬಿಡಿಸಿ.

ಬೆಳಿಗ್ಗೆ ನಾಲ್ಕು ಚಿಮುಕು, ರಾತ್ರಿ ನಾಲ್ಕು.
ಹೆಚ್ಚಾದರೆ ಕೊಳೆ, ಕಮ್ಮಿಯಾದರೆ ಕಡ್ಡಿ.
ಹತ್ತು ನಿಮಿಷ ಪ್ಲಾಸ್ಟಿಕ್ ಸರಿಸಿ ಗಾಳಿಗೆ ಬಿಟ್ಟರೆ
ಹೆಸರುಕಾಳು ಕಟ್ಟಿಟ್ಟ ಒದ್ದೆ ಬಟ್ಟೆಯ ವಾಸನೆ.
ಎರಡನೇ ವಾರ ಮೂಲೆಯಲ್ಲಿ ಬಿಳಿ ಬೂಸು,
ಚಮಚದಲ್ಲಿ ಕೆತ್ತಿ ತೆಗೆದೆ.
ಮೂರನೇ ವಾರ ಏನೂ ಇಲ್ಲ.
ದಿನಾ ನೋಡುವವರಿಗೆ ಏನೂ ಕಾಣುವುದಿಲ್ಲ ಎಂದು
ಒಂದು ದಿನ ನೋಡದೆ ಇದ್ದೆ.
ಆಗಲೂ ಏನೂ ಇಲ್ಲ.

ಮಾಲೂರಿನ ಕಡೆ ನಮ್ಮ ಕೆರೆಯೂ ಹೀಗೇ.
ಒಂಬತ್ತು ತಿಂಗಳು ಹನಿ ನೀರಿಲ್ಲದಿದ್ದರೂ
ಅದರ ಹೆಸರು ಕೆರೆಯೇ.
ಅಂಗಳದಲ್ಲಿ ಯಾರೋ ಕರಬೂಜ ಹಾಕುತ್ತಿದ್ದರು,
ನಾವು ಮೂರು ಕಡ್ಡಿ ನೆಟ್ಟು ಬಾಲ್ ಆಡುತ್ತಿದ್ದೆವು.
ಖಾಲಿ ಅಂತ ಯಾರೂ ಅಂದದ್ದು ನೆನಪಿಲ್ಲ.

ಐದನೇ ವಾರ ಎರಡು ಸಸಿ ನಡುವಿನ ಬೆರಳಗಲ
ಹುಡುಕಿದರೂ ಸಿಗಲಿಲ್ಲ.
ಆರನೆಯದಕ್ಕೆ ಚಿಮಟದಿಂದ ಎಳೆದು ನೋಡಿದೆ,
ತೊಟ್ಟಿಯ ನೆಲವೇ ಜಗ್ಗಿದ ಹಾಗೆ.
ಇನ್ನು ಬಿಡಬಹುದು.

ಅದೇ ಸಂಜೆ ಫೋನು ಗುಂಯ್ ಅಂದಿತು:
ನದಿ ಏರುತ್ತಿದೆ, ಸಿದ್ಧರಾಗಿರಿ.
ಬೀದಿಯಲ್ಲಿ ಬಾಗಿಲಿಗೆ ಹಲಗೆ ಜಡಿಯುವ ಸದ್ದು.
ಬಕೆಟ್ ತುಂಬಿಸಿಟ್ಟು ಸುಮ್ಮನೆ ನಿಂತೆ.
ಇವತ್ತೇ ಬೇಕೇ ಇದು?
ಗ್ವೆನಿತ್ ಬಂದಳು, ಕೈಯಲ್ಲಿ ಟಾರ್ಚು, ಒಂದು ಚಹಾ ಬಸಿ.
ಮಣ್ಣಿನ ಮೇಲೆ ಬಸಿ ಇಟ್ಟಳು,
ಅದರ ಮೇಲೆ ಹುಯ್ಯಿ, ಅಂದಳು,
ಮೆತ್ತಗೆ.
ಮೆತ್ತಗೆ ಬರೋದನ್ನ ಅದಕ್ಕೆ ಯಾರೂ ಕಲಿಸಿಲ್ಲ.

ಲೋಟ ಲೋಟವಾಗಿ ಮುಕ್ಕಾಲು ಗಂಟೆ.
ಬಸಿಯ ಅಂಚು ದಾಟಿ ಹಸಿರಿನ ಮೇಲೆ ಹರಿದಾಗ
ಎಲೆಗಳು ಮೊದಲು ಬೆಳ್ಳಗೆ ಮಿಂಚಿದವು,
ಮೈಗೆ ಗಾಳಿ ಹೊದ್ದುಕೊಂಡಂತೆ.
ಆಮೇಲೆ ಅದನ್ನೂ ಬಿಟ್ಟುಕೊಟ್ಟವು.
ಏನೂ ಏಳಲಿಲ್ಲ.
ಎಡ ಮೂಲೆಯ ಒಂದೇ ಒಂದು ಕುಡಿ,
ಬೂಸು ಹಿಡಿದಿದ್ದ ಜಾಗದ್ದು,
ಕಿತ್ತುಕೊಂಡು ಮೇಲೆ ಬಂತು,
ಸುತ್ತು ಹೊಡೆಯಿತು.

ಗ್ವೆನಿತ್ ಅದನ್ನು ಬೆರಳಲ್ಲಿ ಎತ್ತಿ
ಅದೇ ಬಸಿಯಲ್ಲಿ ಇಟ್ಟುಕೊಂಡು
ತನ್ನ ಮನೆಗೆ ಹೋದಳು.
ದೀಪ ಹತ್ತಿದ್ದು ಕೆಳಗಲ್ಲ,
ಮಹಡಿಯ ಮೇಲೆ.