ಜೋಡಿ ಜೇಬಿಗೆ ಎರಡೂವರೆ

ಕೌಲ್ ಬಜಾರಿನ ಹಿಂದಿನ ಓಣಿ, ತಗಡಿನ ಮಾಡು,
ಹನ್ನೊಂದು ಮಿಷನ್ನು. ಎಂಟನೆಯದು ನನ್ನದು.
ನಾನು ಜೇಬಿನವಳು.
ಕಾಲು ಹೊಲಿಯುವವರು ಬೇರೆ, ಜಿಪ್ಪಿನವರು ಬೇರೆ,
ನೀಲಿ ಧೂಳು ಮಾತ್ರ ಎಲ್ಲರ ಮೂಗಿಗೂ ಒಂದೇ.

ಜೋಡಿ ಜೇಬಿಗೆ ಎರಡೂವರೆ ರೂಪಾಯಿ.
ಫೋನಿನ ಪ್ಯಾಕು ಮುನ್ನೂರ ನಲವತ್ತೊಂಬತ್ತು.
ಅಂದರೆ ನೂರ ನಲವತ್ತು ಜೋಡಿ.
ಉಳಿದ ಒಂದು ರೂಪಾಯಿಗೆ ಚಿಲ್ಲರೆ ಇಲ್ಲವೆಂದು
ಹುಲುಗಪ್ಪ ಪೆಪ್ಪರಮೆಂಟು ಕೊಡುತ್ತಾನೆ.
ದಿನಕ್ಕೆರಡು ಜಿಬಿ ಅಂತ ಅವನೆಂದಾಗ ಮೊದಮೊದಲು
ಎರಡು ಜೇಬು ಅಂತಲೇ ಕೇಳಿಸುತ್ತಿತ್ತು ನನಗೆ.
ಚೀಪುತ್ತ ಮನೆಗೆ ಬರುತ್ತೇನೆ,
ಇನ್ನು ಇಪ್ಪತ್ತೆಂಟು ದಿನ ಲೋಕ ನನ್ನದು.

ಇಪ್ಪತ್ತೆಂಟೇ.
ಆ ಲೆಕ್ಕ ಮೈ ಕಲಿಸಿದ್ದು, ಹೊಸದಲ್ಲ.
ಆದರೆ ಪಂಚಾಂಗದಲ್ಲಿ ತಿಂಗಳು ಹನ್ನೆರಡು,
ಕಂಪನಿಯ ವರ್ಷಕ್ಕೆ ಹದಿಮೂರು.
ಶಾಸ್ತ್ರದವರಿಗೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ,
ನಮಗೆ ವರ್ಷ ವರ್ಷವೂ.

ಇಪ್ಪತ್ತೊಂಬತ್ತನೆಯ ದಿನ
ಮಲ್ಲೇಶ್ವರಿಯ ನರ್ಸಿಂಗ್ ಅರ್ಜಿಗೆ ಕೊನೆಯ ದಿನ.
ಪಗಾರ ಶನಿವಾರ. ಅಂದು ಗುರುವಾರ.
ಫೋನಿನ ನೆತ್ತಿಯಲ್ಲಿ ನಾಲ್ಕೂ ಕಡ್ಡಿ ನೆಟ್ಟಗೆ ನಿಂತಿವೆ,
ಪುಟ ತೆರೆಯುವುದಿಲ್ಲ.
ಇದು ನನಗೆ ಗೊತ್ತಿರುವ ಕಸಬು.
ಹೆಣ್ಣುಮಕ್ಕಳ ಪ್ಯಾಂಟಿಗೆ ನಾವು ಹಾಕುವ ಜೇಬು ಹೀಗೇ:
ಹೊರಗೆ ಎರಡು ಸಾಲು ಕಿತ್ತಳೆ ದಾರ, ಮೇಲೊಂದು ತಾಮ್ರದ ಗುಂಡಿ,
ಕೈ ಹಾಕಿದರೆ ಒಳಗೆ ಚೀಲವಿಲ್ಲ.

ಮಾಬುನ್ನಿಯ ಬಾಗಿಲಿಗೆ ಹೋದೆ.
ನನ್ನವ್ವ ಕುಳ್ಳಿನ ಮೇಲೆ ಪಕ್ಕದ ಮನೆಯ ಕೆಂಡ ತಂದು
ಒಲೆ ಹೊತ್ತಿಸುತ್ತಿದ್ದಳು.
ಈಗ ಹಾಟ್‌ಸ್ಪಾಟು.
"ಒಳಗ ಬಾ, ಗ್ವಾಡಿ ಹತ್ರ ಕುಂದ್ರಸು ಹುಡುಗೀನ" ಅಂದಳು,
ಎಷ್ಟು ಹೊತ್ತು ಅಂತ ಕೇಳಲಿಲ್ಲ.
ಫೋಟೋ ಏರಿತು, ಸಹಿ ಏರಿತು, ಜಾತಿ ಪತ್ರ
ಅರ್ಧ ಏರಿ ನಿಂತಿತು. ಚಕ್ರ ತಿರುಗಿತು.
ಒಳಕೋಣೆಯಿಂದ ಅವಳ ಮಗ ಕೂಗಿದ:
"ಅಮ್ಮೀ, ನನ್ ಪಾಠ ನಿಂತ್ಹೋತು!"

ಕೆಂಡ ಕೊಟ್ಟವರ ಒಲೆ ಆರುತ್ತಿರಲಿಲ್ಲ.
ಇದು ಆರುತ್ತದೆ.
ಮಾಬುನ್ನಿ ಏನೂ ಅನ್ನಲಿಲ್ಲ.
ಅಕ್ಕಿ ಆರಿಸುತ್ತ ಕೂತಿದ್ದಳು, ಆರಿಸಿದ್ದನ್ನೇ ಆರಿಸುತ್ತ.
ರಾತ್ರಿ ಹನ್ನೊಂದಕ್ಕೆ ಪರದೆ ಬೆಳ್ಳಗಾಯಿತು.
ಹೋಯಿತು ಅಂತ ಕಾಣುತ್ತದೆ ಅಂದಳು ಮಲ್ಲೇಶ್ವರಿ.

ಶನಿವಾರದ ಪಗಾರ ಸಿಲಿಂಡರಿಗೆ ಹೋಯಿತು.
ಸೋಮವಾರ, ಕೊಡೆಯ ಕೆಳಗೆ ಸಿಮ್ಮು ಮಾರುವ ಹುಡುಗ:
"ಅಕ್ಕಾ, ಅಗ್ಗದ್ದು ಐತಿ. ನಮ್ಮ ಸಿನಿಮಾ, ನಮ್ಮ ಅಂಗಡಿ ಪುಕ್ಕಟೆ,
ಉಳಿದದ್ದಕ್ಕ ಅಷ್ಟ ರೊಕ್ಕ."
ಉಳಿದದ್ದು ಅಂದರೆ?
ಅರ್ಜಿ, ಫಲಿತಾಂಶ, ಪಿಂಚಣಿಯ ಪಟ್ಟಿ,
ಬೇರೆ ಊರಲ್ಲಿ ಜೋಡಿ ಜೇಬಿಗೆ ಎಷ್ಟು ಕೊಡುತ್ತಾರೆಂಬ ಸುದ್ದಿ.
ತಮ್ಮಾ, ನನ್ನನ್ನು ಬ್ರೂಸ್‌ಪೇಟೆಯ ಒಂದೇ ಅಂಗಡಿಯ ಮುಂದೆ ಇಳಿಸಿ
ಇದೇ ಬಳ್ಳಾರಿ ಅಂದರೆ
ಬೆಟ್ಟ ಎಲ್ಲಿಗೆ ಹೋಯಿತು?

ನನ್ನ ಹೆಸರು ಸುಂಕಮ್ಮ. ದೇವಿಯ ಹೆಸರು.
ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವೆಂದು
ಗೊತ್ತಿದ್ದೂ ಹೇಳುತ್ತಿದ್ದೇನೆ:
ಓಣಿಯ ತುದಿಯ ಕಂಬದ ದೀಪ
ಯಾರ ಪ್ಯಾಕು ಮುಗಿದಿದೆಯೆಂದು ಕೇಳುವುದಿಲ್ಲ.
ಮಾಬುನ್ನಿಯ ಮಗ ಈ ಮಗ್ಗುಲಿಗೆ, ನನ್ನ ಮಗಳು ಆ ಮಗ್ಗುಲಿಗೆ ಕೂತರೆ
ಬೆಳಕು ಅರ್ಧವಾಗುವುದಿಲ್ಲ.
ಹಾಗೆ ಬೇಕು.
ನಲ್ಲಿಯಲ್ಲಿ ನೀರು ಹತ್ತು ದಿನಕ್ಕೊಮ್ಮೆ ಬರುವ ಓಣಿಗೆ
ಇದು ಅತಿಯಾಸೆ ಅನ್ನುವಿರಾ?
ನೀರನ್ನೂ ಕೇಳಿದ್ದೇವೆ, ಖಾಲಿ ಕೊಡ ಬಡಿದು, ರಸ್ತೆಗೆ ಕೂತು.
ಇದಕ್ಕೆ ಏನು ಬಡಿಯಬೇಕೋ ತಿಳಿಯದು,
ಅಷ್ಟೇ.

ಮೊನ್ನೆ ಮಾಲೀಕ ಹೊಸ ಅಳತೆ ಕೊಟ್ಟ.
ಫೋನುಗಳು ಉದ್ದವಾಗಿವೆಯಂತೆ, ಗಂಡಸರ ಜೇಬು ಒಂದಿಂಚು ಆಳ.
ಕೂಲಿ ಅದೇ.
ಹೊಲಿಯುತ್ತಿದ್ದೇನೆ.
ಮಲ್ಲೇಶ್ವರಿಯ ಅರ್ಜಿ ಮುಟ್ಟಿತೋ ಇಲ್ಲವೋ ನೋಡಬೇಕು.
ಇನ್ನು ಮೂವತ್ತೊಂದು ಜೋಡಿ.